ಐಶ್ವರ್ಯ ಎಂದು ಬರೆಯುವುದಕ್ಕೆ ಮೂರು ದಿನ

ಹೋದ ತಿಂಗಳು ಒಂದೇ ಒಂದು ಲಗ್ನಪತ್ರಿಕೆಗೆ ಮೂರು ದಿನ ಹಿಡಿಯಿತು. ಸಾಮಾನ್ಯವಾಗಿ ಹಾಸನದ ನಮ್ಮ ಅಂಗಡಿಯಲ್ಲಿ ಪತ್ರಿಕೆ ಅಂದರೆ ಅರ್ಧ ದಿನದ ಕೆಲಸ. ಮ್ಯಾಟರ್ ಟೈಪ್ ಮಾಡಿ, ಮೇಲೆ ಗಣಪತಿ ಇಟ್ಟು, ಪ್ರೂಫ್ ತೋರಿಸಿ, ತಿದ್ದಿ ಪ್ರೆಸ್ಸಿಗೆ ಕಳಿಸಿದರೆ ಮುಗಿಯಿತು. ಇದು ಮಾತ್ರ ಎರಡು ಹೆಸರುಗಳ ಹತ್ತಿರವೇ ನಿಂತುಬಿಟ್ಟಿತು. ಐಶ್ವರ್ಯ ಮತ್ತು ಕಾರ್ತಿಕ್.

ಬಂದವರು ಸಕಲೇಶಪುರದ ಕಡೆಯವರು, ಹುಡುಗಿಯ ತಂದೆ. ಕೂತು ನೀರು ಕುಡಿದು ಮೊಬೈಲ್ ತೆಗೆದರು. ಬೆಂಗಳೂರಿನ ಯಾರೋ ನೆಂಟರ ಮದುವೆಯ ಇಂಗ್ಲಿಷ್ ಕಾರ್ಡು. ಹೆಸರುಗಳು ಚಿನ್ನದ ಬಣ್ಣದಲ್ಲಿ, ಒಂದಕ್ಕೊಂದು ಕೈ ಹಿಡಿದುಕೊಂಡು ವಾಲಿಕೊಂಡು ಹೋಗುವ ಅಕ್ಷರದಲ್ಲಿದ್ದವು. "ನೋಡಮ್ಮಾ, ಹಿಂಗೆ ತೇಲ್ತಾ ಇರ್ಬೇಕು. ಆದ್ರೆ ಕನ್ನಡ್ದಲ್ಲೇ ಆಗ್ಬೇಕು. ನಮ್ ಕಡೆ ದೊಡ್ಡೋರೆಲ್ಲ ಕನ್ನಡ ಓದೋರು" ಅಂದರು. "ಆಯ್ತು ಅಣ್ಣ, ಮಾಡೋಣ" ಅಂದುಬಿಟ್ಟೆ. ಎಷ್ಟು ಕೆಲಸ ಅಂತ ಆಮೇಲೆ ಗೊತ್ತಾಯಿತು.

ಆ ಫಾಂಟ್ ನೋಡಿದ ತಕ್ಷಣ ಗುರುತು ಸಿಕ್ಕಿತು, ಗ್ರೇಟ್ ವೈಬ್ಸ್. ಉಚಿತವಾಗಿ ಸಿಗುತ್ತದೆ, ಹಾಗಾಗಿ ಅರ್ಧ ಊರಿನ ಕಾರ್ಡಿನಲ್ಲಿ ಅದೇ ಇದೆ. ಆದರೆ ಚೆಂದವಾಗಿದೆ, ಅದಕ್ಕೆ ಎರಡು ಮಾತಿಲ್ಲ. ಅದರ ದೊಡ್ಡ ಅಕ್ಷರಗಳನ್ನು ಒಂದು ಸಲ ಹಿಗ್ಗಿಸಿ ನೋಡಿ. ಗೆರೆ ಎಡಗಡೆ ದೂರದಿಂದ ಕೂದಲೆಳೆಯಷ್ಟು ತೆಳ್ಳಗೆ ಬರುತ್ತದೆ, ಒಂದು ಸುತ್ತು ಹಾಕುತ್ತದೆ, ಕೆಳಗೆ ಇಳಿಯುವಾಗ ದಪ್ಪವಾಗುತ್ತದೆ, ಮತ್ತೆ ಮೇಲೆ ಏರುವಾಗ ತೆಳುವಾಗುತ್ತದೆ. ನಂತರದ ಚಿಕ್ಕ ಅಕ್ಷರಗಳು ಒಂದರ ಬಾಲ ಇನ್ನೊಂದರ ಹೊಟ್ಟೆಗೆ ಸೇರುವಂತೆ ಬಿಡಿಸಿರುತ್ತವೆ. ಇಡೀ ಹೆಸರು ಪೆನ್ನು ಎತ್ತದೆ ಬರೆದಂತೆ ಕಾಣುತ್ತದೆ. ಎಲ್ಲವೂ ಬಲಕ್ಕೆ ವಾಲಿರುತ್ತವೆ, ಒಂದೇ ಕೋನದಲ್ಲಿ.

ಈ ತೆಳು-ದಪ್ಪ ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕೈಬರಹ ಕಲಿಸುವ ಮೇಷ್ಟ್ರುಗಳಿದ್ದರು. ಅವರು ಹಕ್ಕಿಗರಿಯ ಲೇಖನಿಯನ್ನು ಚೂಪಾಗಿ ಕೆತ್ತಿಕೊಂಡು ಬರೆಯುತ್ತಿದ್ದರು. ಕೆಳಗೆ ಎಳೆಯುವಾಗ ಒತ್ತಿದರೆ ತುದಿ ಬಿರಿದು ಗೆರೆ ದಪ್ಪ. ಮೇಲೆ ಎತ್ತುವಾಗ ಒತ್ತುವುದಕ್ಕೇ ಆಗುವುದಿಲ್ಲ, ಒತ್ತಿದರೆ ತುದಿ ಕಾಗದಕ್ಕೆ ಚುಚ್ಚಿಕೊಳ್ಳುತ್ತದೆ, ಹಾಗಾಗಿ ಗೆರೆ ತೆಳ್ಳಗೆ. ಆ ಬರಹವನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಪುಸ್ತಕವಾಗಿ ಅಚ್ಚು ಹಾಕುತ್ತಿದ್ದರು. ಅದಕ್ಕೇ ಈ ಶೈಲಿಗೆ ಕಾಪರ್‌ಪ್ಲೇಟ್ ಎಂಬ ಹೆಸರು ಬಂತು, ರೌಂಡ್‌ಹ್ಯಾಂಡ್ ಎಂದೂ ಕರೆಯುತ್ತಾರೆ. ನಮ್ಮ ಕೈಗೆ ಬರುವ ಹೆಚ್ಚಿನ ಮದುವೆ ಕಾರ್ಡಿನ ಇಂಗ್ಲಿಷ್ ಫಾಂಟುಗಳೆಲ್ಲ ಆ ಮೇಷ್ಟ್ರುಗಳ ಮೊಮ್ಮಕ್ಕಳು.

ಇದನ್ನು ಅಚ್ಚುಮೊಳೆಗೆ ತರುವುದು ಬಹಳ ಕಷ್ಟವಿತ್ತು. ಸೀಸದ ಮೊಳೆ ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕದ ಕಂಬ. ವಾಲಿದ ಅಕ್ಷರದ ಬಾಲ ಕಂಬದ ಆಚೆ ಚಾಚಿಕೊಂಡರೆ ಅಚ್ಚು ಹಾಕುವಾಗ ಮುರಿಯುತ್ತಿತ್ತು. ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಸೀಸದ ಕಾಟ ತಪ್ಪಿತು. 1960ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಎಂಬ ವಿನ್ಯಾಸಕಾರ, ಚಾರ್ಲ್ಸ್ ಸ್ನೆಲ್ ಎಂಬ ಹಳೆಯ ಬರಹದ ಮೇಷ್ಟ್ರ ಕೈಬರಹವನ್ನು ಆಧಾರವಾಗಿ ಇಟ್ಟುಕೊಂಡು ಸ್ನೆಲ್ ರೌಂಡ್‌ಹ್ಯಾಂಡ್ ಮಾಡಿದರು. ಅದರಲ್ಲಿ ಅಕ್ಷರಗಳು ನಿಜವಾಗಿ ಕೂಡಿಕೊಂಡವು. ಆಮೇಲೆ 1998ರಲ್ಲಿ ಹರ್ಮನ್ ಜಾಫ್ ಅವರ ಜಾಫಿನೋ ಬಂತು. ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪ. ಎರಡು ಸಲ ಒಂದೇ ಅಕ್ಷರ ಬಂದರೆ ಎರಡೂ ಪಡಿಯಚ್ಚು ಆಗಬಾರದು, ಮನುಷ್ಯ ಬರೆದ ಹಾಗೆ ಸ್ವಲ್ಪ ಬೇರೆ ಇರಬೇಕು ಎಂಬ ಆಸೆ. ನನಗೆ ಇದು ತುಂಬಾ ಇಷ್ಟ. ಕೈಬರಹದ ಫಾಂಟ್ ಸಿಕ್ಕಿಬೀಳುವುದೇ ಅಲ್ಲಿ ನೋಡಿ, ಎರಡು 'ನ' ಒಂದೇ ಥರ ಕಂಡ ಕೂಡಲೇ ಕಣ್ಣಿಗೆ ಮೆಷಿನ್ ಅಂತ ಗೊತ್ತಾಗುತ್ತದೆ.

ಸರಿ, ನನ್ನ ಮೊದಲನೇ ದಿನಕ್ಕೆ ಬರುತ್ತೇನೆ. ಹತ್ತಿರದ ದಾರಿ ಹಿಡಿದೆ. ನುಡಿ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ, ಕೋರೆಲ್ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ 20 ಡಿಗ್ರಿ ಬಲಕ್ಕೆ ವಾಲಿಸಿದೆ. ನಮ್ಮ ಸುತ್ತ ಎಷ್ಟೋ ಪತ್ರಿಕೆಗಳಲ್ಲಿ ಮಾಡುವುದು ಇದನ್ನೇ. ಸ್ಕ್ರೀನಿನಲ್ಲಿ ನೋಡಿದೆ. ಏನೋ ಸರಿ ಇಲ್ಲ. ಐಶ್ವರ್ಯ ಮುಗ್ಗರಿಸಿ ಬೀಳುವ ಹಾಗಿದೆ. ಯಾಕೆ ಅಂತ ಬಹಳ ಹೊತ್ತು ತಿಳಿಯಲಿಲ್ಲ. ಆಮೇಲೆ ಒಂದು ಗೆರೆ ಎಳೆದು ಅಳೆದೆ, ಆಗ ಸಿಕ್ಕಿತು.

ಅಕ್ಷರವನ್ನು ಬಲಕ್ಕೆ ವಾಲಿಸಿದಾಗ ಸಾಲಿನ ಮೇಲಿರುವುದು ಬಲಕ್ಕೆ ಹೋಗುತ್ತದೆ, ಸಾಲಿನ ಕೆಳಗಿರುವುದು ಎಡಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಒತ್ತಕ್ಷರ ಪೂರ್ತಿ ಕೆಳಗೇ ಇರುತ್ತದೆ! ಒತ್ತು ಸಾಲಿನಿಂದ 1 ಸೆಂಟಿಮೀಟರ್ ಕೆಳಗಿದ್ದರೆ, 20 ಡಿಗ್ರಿ ವಾಲಿಸಿದಾಗ ಅದು ಸುಮಾರು ಮೂರೂವರೆ ಮಿಲಿಮೀಟರ್ ಎಡಕ್ಕೆ ಜರುಗುತ್ತದೆ. ಅಂದರೆ 'ಶ್ವ'ದ 'ವ' ಒತ್ತು ತನ್ನ 'ಶ'ವನ್ನು ಬಿಟ್ಟು ಪಕ್ಕದ 'ಐ' ಕಡೆಗೆ ಹೊರಟುಹೋಗಿತ್ತು. ಕೈಯಲ್ಲಿ ಬರೆಯುವಾಗ ಯಾರೂ ಹಾಗೆ ಬರೆಯುವುದಿಲ್ಲ. ಎಷ್ಟೇ ವಾಲಿಸಿ ಬರೆಯುವವರ ಕೈಯಲ್ಲೂ ಒತ್ತು ಬಲಗಡೆಗೇ ಬೀಳುತ್ತದೆ, ಏಕೆಂದರೆ ಮೇಲಿನ ಅಕ್ಷರ ಮುಗಿಸಿದ ಕೈ ಅಲ್ಲೇ ಇರುತ್ತದೆ ಅಲ್ವಾ. ಇದು ಗೊತ್ತಾದ ಮೇಲೆ, ವಾಲಿಸಿದ ಕನ್ನಡ ಬೋರ್ಡು ಎಲ್ಲಿ ಕಂಡರೂ ನನ್ನ ಕಣ್ಣು ಮೊದಲು ಒತ್ತಿಗೇ ಹೋಗುತ್ತದೆ.

ಒತ್ತುಗಳನ್ನು ಒಂದೊಂದಾಗಿ ಬಿಡಿಸಿ ಬಲಕ್ಕೆ ಸರಿಸಿದೆ. ಆಗಲೂ ತೇಲಲಿಲ್ಲ. ಅಕ್ಷರಗಳನ್ನು ಒಂದಕ್ಕೊಂದು ಗೆರೆ ಎಳೆದು ಕೂಡಿಸಿ ನೋಡಿದೆ. 'ಶ' ಮತ್ತು 'ಯ' ನಡುವೆ ಗೆರೆ ಸೇರಿಸಿದರೆ ಅದು ದೀರ್ಘದ ಹಾಗೆ ಕಾಣುತ್ತದೆ. 'ಕಾ' ಬಾಲವನ್ನು ಮುಂದಕ್ಕೆ ಎಳೆದರೆ ಕೊಂಬಿನ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಅಕ್ಷರದ ಬಲಗಡೆ ಎನ್ನುವುದು ಖಾಲಿ ಜಾಗ ಅಲ್ಲ. ದೀರ್ಘ, ಕೊಂಬು, ಕೊಂಬಿನ ಇಳಿ, ಅರ್ಕಾವತ್ತು, ಸೊನ್ನೆ, ಎಲ್ಲದಕ್ಕೂ ಅದೇ ಜಾಗ. ಅಲ್ಲಿ ಸುಮ್ಮನೆ ಒಂದು ಗೆರೆ ಹಾಕಿದರೆ ಓದುವವರು ಅದನ್ನು ಓದಿಬಿಡುತ್ತಾರೆ.

ಅವತ್ತು ರಾತ್ರಿ ನನಗೆ ಅನ್ನಿಸಿದ್ದು, ನಾನು ತಪ್ಪು ಕಡೆ ಚೆಂದ ಹುಡುಕುತ್ತಿದ್ದೇನೆ ಅಂತ. ನಮ್ಮ ಅಕ್ಷರ ಚೂಪು ಗರಿಯಲ್ಲಿ ಬೆಳೆದದ್ದಲ್ಲ. ಶ್ರವಣಬೆಳಗೊಳದ ಮಠದ ಓಲೆಗರಿಗಳನ್ನು ನೆನೆಸಿಕೊಳ್ಳಿ. ಓಲೆಯ ಮೇಲೆ ಕಂಟ ಎಂಬ ಕಬ್ಬಿಣದ ಲೇಖನಿಯಲ್ಲಿ ಗೀರಿ, ಆಮೇಲೆ ಮಸಿ ಸವರಿ ಒರೆಸುತ್ತಿದ್ದರು. ಗೀರಿದ ಗೆರೆಯಲ್ಲಿ ಮಾತ್ರ ಮಸಿ ಉಳಿಯುತ್ತಿತ್ತು. ಕಬ್ಬಿಣದ ಮೊನೆ ಬಿರಿಯುವುದಿಲ್ಲ, ಹಾಗಾಗಿ ಗೆರೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ. ಓಲೆಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಸೀಳುವ ಭಯ, ದುಂಡಗೆ ತಿರುಗಿಸಿದರೆ ಕ್ಷೇಮ. ನಮಗೆ ಶಾಲೆಯಲ್ಲಿ "ದುಂಡಾಗಿ ಬರಿ" ಅಂತಲೇ ಹೇಳುತ್ತಿದ್ದರು, ವಾಲಿಸಿ ಬರಿ ಅಂತ ಯಾರೂ ಹೇಳಲಿಲ್ಲ. ಚೆಂದದ ಬರಹಕ್ಕೆ ಮುತ್ತು ಪೋಣಿಸಿದ ಹಾಗಿದೆ ಅನ್ನುತ್ತೇವೆ. ಮುತ್ತು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ಬಿಡಿಬಿಡಿಯಾಗಿ ಒಂದೇ ಅಳತೆಯಲ್ಲಿ ಸಾಲಾಗಿರುತ್ತದೆ.

ಹಾಗಂತ ಕನ್ನಡದಲ್ಲಿ ಕೂಡಿಸಿ ಬರೆಯುವುದೇ ಇರಲಿಲ್ಲ ಅಂತಲ್ಲ. ಶಾನುಭೋಗರ ಓಡುಬರಹ ಇತ್ತು, ಮೋಡಿ ಅನ್ನುತ್ತಿದ್ದರು. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಮಡಿಚಿ ಕಡತ ಮಾಡಿಕೊಂಡು, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವೆ. ಆದರೆ ಅದು ಬೇಗ ಬರೆದು ಮುಗಿಸುವ ಕೈ. ತಲೆಕಟ್ಟು ಹಾರಿಹೋಗಿರುತ್ತದೆ, ಪಳಗಿದವರು ಬಿಟ್ಟರೆ ಬೇರೆಯವರಿಗೆ ಓದಲು ಬರುವುದಿಲ್ಲ. ಲಗ್ನಪತ್ರಿಕೆಗೆ ಅದನ್ನು ತಂದರೆ ಅಜ್ಜಿ ತಾತಂದಿರು ಬ್ರಹ್ಮಲಿಪಿ ಅಂದುಬಿಡುತ್ತಾರೆ.

ಮರುದಿನ ಭಾನುವಾರ. ಮಗಳನ್ನು ಕರೆದುಕೊಂಡು ಬೇಲೂರಿಗೆ ಹೋದೆ. ಹಾಸನದವರಿಗೆ ಬೇಲೂರು ಅಂದರೆ ನೆಂಟರು ಬಂದಾಗ ತೋರಿಸುವ ಜಾಗ, ನಾವಾಗಿ ನೋಡುವುದು ಕಡಿಮೆ. ಚೆನ್ನಕೇಶವ ದೇವಸ್ಥಾನ 1117ರಲ್ಲಿ ವಿಷ್ಣುವರ್ಧನನ ಕಾಲದ್ದು. ಎಲ್ಲರೂ ಮದನಿಕೆಯರ ಮುಖ ನೋಡುತ್ತಾರೆ, ನಾನು ಅವತ್ತು ಪೀಠದ ಮೇಲಿನ ಅಕ್ಷರ ಹುಡುಕಿಕೊಂಡು ಹೋದೆ. ಹೊಯ್ಸಳರ ಶಿಲ್ಪಿಗಳು ತಮ್ಮ ಕೆಲಸಕ್ಕೆ ಹೆಸರು ಕೆತ್ತುತ್ತಿದ್ದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರೂ ಬೇಲೂರಿನಲ್ಲಿ ಇದೆ. ಒಂಬೈನೂರು ವರ್ಷದ ಹಿಂದಿನ ಸಹಿ!

ಆ ಕಾಲದ ಅಕ್ಷರ ನೋಡಿದರೆ ಕಣ್ಣು ತುಂಬುತ್ತದೆ. ವಾಲುವುದಿಲ್ಲ, ಕೂಡುವುದಿಲ್ಲ, ಆದರೂ ತೇಲುತ್ತದೆ. ತಲೆಕಟ್ಟು ನೇರ ಪಟ್ಟಿಯ ಹಾಗಿಲ್ಲ, ಬಳ್ಳಿಯ ತುದಿಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಹೊಟ್ಟೆ ದುಂಡಗೆ, ಒತ್ತು ಕೆಳಗೆ ಹೂವಿನ ಹಾಗೆ ಜೋತುಬಿದ್ದಿದೆ. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ನೇ ಇಸವಿಯದು, 16 ಸಾಲು, ಊರಲ್ಲಿ ಈಗ ಅದರ ಪ್ರತಿಕೃತಿ ಇದೆ. ಅದನ್ನೂ ಹಿಂದೆ ನೋಡಿದ್ದೆ. ಅಲ್ಲಿ ಅಕ್ಷರ ಇನ್ನೂ ಸರಳ, ಮೈಗೆ ಆಭರಣ ಇಲ್ಲ. ಹಲ್ಮಿಡಿಯಿಂದ ಹೊಯ್ಸಳರಿಗೆ ಬರುವ ಹೊತ್ತಿಗೆ ನಮ್ಮ ಅಕ್ಷರ ಒಡವೆ ಹಾಕಿಕೊಳ್ಳುವುದನ್ನು ಕಲಿತಿತ್ತು. ಎಲ್ಲಿ ಹಾಕಿಕೊಂಡಿತು? ನೆತ್ತಿಯಲ್ಲಿ ಮತ್ತು ಪಾದದಲ್ಲಿ.

ನನಗೆ ಬೇಕಾದ ಉತ್ತರ ಅಲ್ಲಿಯೇ ಇತ್ತು. ಇಂಗ್ಲಿಷಿನ ಚೆಂದದ ಕೈಬರಹದಲ್ಲಿ ಅಲಂಕಾರ ಎಲ್ಲ ಇರುವುದು ಮೊದಲ ದೊಡ್ಡ ಅಕ್ಷರದಲ್ಲಿ. ನಮ್ಮಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಅಂತ ಇಲ್ಲವೇ ಇಲ್ಲ. ಅವರ ದಾರಿಯಲ್ಲೇ ಹೋಗಿ ಹೆಸರಿನ ಮೊದಲ ಅಕ್ಷರ ಮಾತ್ರ ದಪ್ಪ ಮಾಡಿ ಸುರುಳಿ ಹಾಕಿದರೆ ಮಿಕ್ಕ ಅಕ್ಷರಗಳು ಮಕ್ಕಳ ಹಾಗೆ ಕಾಣುತ್ತವೆ. ಕನ್ನಡದಲ್ಲಿ ಅಲಂಕಾರಕ್ಕೆ ಬೇರೆ ಜಾಗಗಳಿವೆ. 'ಐಶ್ವರ್ಯ'ದ ಕೊನೆಯಲ್ಲಿ ಅರ್ಕಾವತ್ತು ಬರುತ್ತದೆ, ಹೆಸರು ಮುಗಿಯುವ ಜಾಗದಲ್ಲೇ. ಅದರ ಬಾಲ ಎಷ್ಟು ದೂರ ಬೇಕಾದರೂ ಹೋಗಬಹುದು, ಮುಂದೆ ಯಾರೂ ಇಲ್ಲ. 'ಕಾರ್ತಿಕ್' ಕೊನೆಯ ಅರ್ಧ 'ಕ್' ಮೇಲಕ್ಕೆ ಒಂದು ಕೊಕ್ಕೆ ಎತ್ತುತ್ತದೆ, ಅದನ್ನು ಗಾಳಿಗೆ ಬಿಡಬಹುದು. ಒಂದು ಹೆಸರು ಕೆಳಗೆ ಹರಿಯುತ್ತದೆ, ಇನ್ನೊಂದು ಮೇಲೆ ಏಳುತ್ತದೆ. ಎರಡನ್ನೂ ಒಂದರ ಕೆಳಗೊಂದು ಇಟ್ಟರೆ ತಾವಾಗಿಯೇ ಜೋಡಿ.

ಮೂರನೇ ದಿನ ಕಂಪ್ಯೂಟರ್ ಆನ್ ಮಾಡಲಿಲ್ಲ. ಬಟರ್ ಪೇಪರ್, ಕಟ್ ನಿಬ್ ಪೆನ್ನು, ಕಪ್ಪು ಶಾಯಿ. ಸಣ್ಣ ಅಕ್ಷರ ಬೇಡ ಅಂತ ಒಂದೊಂದನ್ನೂ 3 ಸೆಂಟಿಮೀಟರ್ ಎತ್ತರಕ್ಕೆ ಬರೆದೆ, ಆಮೇಲೆ ಕುಗ್ಗಿಸಿದರೆ ನಡುಕ ಮುಚ್ಚಿಹೋಗುತ್ತದೆ. 'ಐ' ಎಂಟನೇ ಸಲಕ್ಕೆ ಬಂತು. 'ಶ್ವ' ಬೇಗ ಬಂತು, ಅದರ ಒತ್ತು ತಲೆಕಟ್ಟಿಲ್ಲದ ಪುಟ್ಟ 'ವ', ಬರೆಯಲು ಸುಖ. ತೊಂದರೆ ಕೊಟ್ಟದ್ದು 'ರ್ಯ'. ಇದನ್ನು ಎರಡು ಥರ ಬರೆಯಬಹುದು. 'ಸೂರ್ಯ'ದಲ್ಲಿ ಬರೆಯುವ ಹಾಗೆ 'ಯ' ಬರೆದು ಪಕ್ಕದಲ್ಲಿ ಅರ್ಕಾವತ್ತು ಹಾಕಬಹುದು, ಇಲ್ಲವೇ 'ರ‍್ಯಾಲಿ'ಯಲ್ಲಿ ಬರೆಯುವ ಹಾಗೆ 'ರ' ಬರೆದು ಕೆಳಗೆ 'ಯ' ಒತ್ತು ಕೊಡಬಹುದು. ಎರಡನೆಯದು ಬರೆದು ನೋಡಿದೆ, 'ಶ್ವ'ದ ಒತ್ತೂ 'ಯ' ಒತ್ತೂ ಪಕ್ಕಪಕ್ಕ ಬಂದು ಹೆಸರಿನ ಕೆಳಗೆ ನೂಕುನುಗ್ಗಲಾಯಿತು. ಅರ್ಕಾವತ್ತೇ ಸರಿ. ಅದು ನಮ್ಮ ಒಂಬತ್ತರ ಹಾಗಿರುತ್ತದಲ್ಲ, ಅದರ ಬಾಲವನ್ನು ಕೆಳಗೆ ಇಳಿಸಿ, ಎಡಕ್ಕೆ ತಿರುಗಿಸಿ, ಇಡೀ ಹೆಸರಿನ ಅಡಿಯಲ್ಲಿ ಹಾಯಿಸಿ 'ವ' ಒತ್ತಿನ ಹತ್ತಿರಕ್ಕೆ ತಂದು ನಿಲ್ಲಿಸಿದೆ. ಮುಟ್ಟಿಸಲಿಲ್ಲ, ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟೆ. ಮುಟ್ಟಿದರೆ ಅದು ಬೇರೆ ಅಕ್ಷರವೇ ಆಗಿಬಿಡುತ್ತದೆ.

ಗೆರೆಯ ದಪ್ಪದಲ್ಲಿ ಜಾಸ್ತಿ ಏರಿಳಿತ ಮಾಡಲಿಲ್ಲ. ತಿರುವಿನಲ್ಲಿ ಸ್ವಲ್ಪ ತೆಳು, ಅಷ್ಟೇ. ತಲೆಕಟ್ಟಿನ ಬಲತುದಿ ಮಾತ್ರ ಒಂದು ಚೂರು ಮೇಲೆ ಎತ್ತಿದೆ. ವಾಲಿಸಲೇ ಇಲ್ಲ. ಬರೆದು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ತೇಲುತ್ತಿತ್ತು.

ಒಂದು ಮಾತು ಕೇಳುತ್ತೀರಿ ಅಂತ ಗೊತ್ತು. ಇಷ್ಟು ಕಷ್ಟ ಯಾಕೆ, ಕನ್ನಡದಲ್ಲಿ ಕೈಬರಹದ ಫಾಂಟ್ ಇಲ್ಲವಾ? ಇವೆ. ನವಿಲು ಅಂತ ಒಂದು ಮುಕ್ತ ಫಾಂಟ್ ಇದೆ, ಕೈಬರಹದ ಶೈಲಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ ಇದೆ, ಒಂದೇ ದಪ್ಪದ ಗೆರೆ, ಸಲುಗೆಯ ಅಕ್ಷರ, ಹೋಮ್‌ಸ್ಟೇ ಮೆನುವಿಗೆ ಬಹಳ ಒಪ್ಪುತ್ತದೆ. ಅಕಾಯ ಕನಡಕ ಇದೆ, ಅದು ಶೀರ್ಷಿಕೆಗೆ ಹೇಳಿ ಮಾಡಿಸಿದ್ದು, ಕುಣಿಯುವ ಅಕ್ಷರ. ಆದರೆ ಮದುವೆ ಕಾರ್ಡಿನ ಮೇಲೆ ನಾಜೂಕಾಗಿ ಕೂರುವ, ಎಲ್ಲ ಒತ್ತಕ್ಷರವೂ ಸರಿಯಾಗಿರುವ ಕನ್ನಡ ಫಾಂಟುಗಳು ಇಂಗ್ಲಿಷಿಗೆ ಹೋಲಿಸಿದರೆ ಬಹಳ ಕಡಿಮೆ. ಕಾರಣ ಸೋಮಾರಿತನ ಅಲ್ಲ, ಲೆಕ್ಕ. ಇಂಗ್ಲಿಷಿಗೆ 26 ದೊಡ್ಡವು, 26 ಚಿಕ್ಕವು. ನಮಗೆ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಒಂದೊಂದಕ್ಕೂ ಒತ್ತು. ಯಾವ ವ್ಯಂಜನಕ್ಕೆ ಯಾವ ಒತ್ತು ಬಂದರೂ ಸರಿಯಾಗಿ ಕೂರಬೇಕೆಂದರೆ 34ನ್ನು 34ರಿಂದ ಗುಣಿಸಿ, 1156 ಜೋಡಿ. ಅದರಲ್ಲಿ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೇ ಇರುವುದಿಲ್ಲ, ಬೇರೆಯೇ ರೂಪ. ಮಾಡುವವರಿಗೆ ವರ್ಷಗಳ ಕೆಲಸ. ಅಂಥವರಿಗೆ ದುಡ್ಡು ಕೊಟ್ಟು ಫಾಂಟ್ ತೆಗೆದುಕೊಳ್ಳಿ ಅಂತ ನಮ್ಮ ಕಸುಬಿನವರಿಗೆ ಕೈ ಮುಗಿದು ಹೇಳುತ್ತೇನೆ. ಪೆನ್‌ಡ್ರೈವ್‌ನಲ್ಲಿ ಕದ್ದು ಹಂಚಿಕೊಂಡರೆ ಮುಂದಿನ ಫಾಂಟ್ ಯಾರು ಮಾಡುತ್ತಾರೆ?

ಇನ್ನೊಂದು ತೊಡಕು ಹಳೆಯ ಫಾಂಟುಗಳದು. ಎಲ್ಲ ಕಂಪ್ಯೂಟರು, ಮೊಬೈಲಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್. ಅದರಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಡಿಟಿಪಿ ಅಂಗಡಿಗಳಲ್ಲಿ ಅಲಂಕಾರದ ಕನ್ನಡ ಫಾಂಟುಗಳು ಬಹಳಷ್ಟು ಹಳೆಯ ಆಸ್ಕಿ ಪದ್ಧತಿಯವು, ಅಂದರೆ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದವು. ವಾಟ್ಸಾಪಿನಲ್ಲಿ ಬಂದ ಮ್ಯಾಟರ್ ಅಲ್ಲಿಗೆ ಪೇಸ್ಟ್ ಮಾಡಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ, ಪರಿವರ್ತಕದಲ್ಲಿ ಹಾಕಿದರೆ ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಕೈಕೊಡುತ್ತದೆ. ಹೆಸರನ್ನು ಮತ್ತೆ ಕೈಯಲ್ಲೇ ಟೈಪ್ ಮಾಡಿ ನೋಡಿಕೊಳ್ಳುವುದು ಒಳ್ಳೆಯದು. ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಬಿಡಿಬಿಡಿಯಾಗಿ ಒಡೆದು ಕಾಣುತ್ತಿದ್ದರೆ ಫಾಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿದರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ.

ಪತ್ರಿಕೆಗೆ ವಾಪಸ್ ಬರೋಣ. ಬರೆದ ಅಕ್ಷರ ಹಾಕಿದ್ದು ಎರಡು ಹೆಸರಿಗೆ ಮಾತ್ರ. ಚಿ. ರಾ., ಚಿ. ಕುಂ. ಸೌ. ಕೂಡ ಮಾಮೂಲಿ ಅಕ್ಷರವೇ. ಮುಹೂರ್ತ, ಕಲ್ಯಾಣ ಮಂಟಪ, ಸುಖಾಗಮನ ಬಯಸುವವರು, ಎಲ್ಲವೂ ಸಾದಾ, ದುಂಡು, ಓದಲು ಬರುವ ಅಕ್ಷರ. ಆ ಅಣ್ಣನಿಗೆ ಮೊದಲು ಒಪ್ಪಿಗೆ ಇರಲಿಲ್ಲ. "ಎಲ್ಲಾನೂ ಅದ್ರಲ್ಲೇ ಹಾಕಮ್ಮಾ, ದುಡ್ಡು ಕೊಡ್ತೀನಿ" ಅಂದರು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ರೇಷ್ಮೆ ಸೀರೆ ಉಟ್ಟುಕೊಂಡು ಅಡುಗೆ ಮಾಡಲು ಆಗುತ್ತದಾ ಅಣ್ಣ ಅಂದೆ. ಅವರ ಹೆಂಡತಿ ನಕ್ಕರು, ಒಪ್ಪಿಗೆ ಸಿಕ್ಕಿತು.

ಈ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುವುದಕ್ಕೆ ಕಾರಣ ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಗೃಹಪ್ರವೇಶದ ಕಾರ್ಡಿನಲ್ಲಿ ಫೋನ್ ನಂಬರನ್ನೂ ಇಂಗ್ಲಿಷಿನ ಕೈಬರಹದ ಫಾಂಟಿನಲ್ಲೇ ಹಾಕಿದ್ದೆ. ಅದರ 1 ಮತ್ತು 7 ಅಣ್ಣತಮ್ಮಂದಿರ ಹಾಗಿದ್ದವು. ದಾರಿ ಕೇಳಲು ಮಾಡಿದ ಫೋನುಗಳೆಲ್ಲ ಯಾರೋ ಬೇರೆಯವರಿಗೆ ಹೋದವು. ಪಾಪ, ಅವರು ಎರಡು ದಿನ ಎಲ್ಲರಿಗೂ ತಾಳ್ಮೆಯಿಂದ ರಾಂಗ್ ನಂಬರ್ ಅಂತ ಹೇಳಿದ್ದಾರೆ. ಊಟಕ್ಕೆ ತಡವಾಗಿ ಬಂದ ನೆಂಟರ ಮುಂದೆ ಮನೆಯವರು ತಲೆ ತಗ್ಗಿಸುವ ಹಾಗಾಯಿತು. ಅವತ್ತಿನಿಂದ ನಂಬರು, ವಿಳಾಸ, ಸಮಯ ಈ ಮೂರಕ್ಕೆ ಕೈಬರಹ ಮುಟ್ಟಿಸುವುದಿಲ್ಲ. ಇಂಗ್ಲಿಷ್ ಹೆಸರಾದರೆ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಹಾಕುವುದೂ ಇಲ್ಲ. ಆ ದೊಡ್ಡ ಅಕ್ಷರಗಳು ಒಬ್ಬೊಬ್ಬರೇ ಹಾಡುವುದಕ್ಕೆ ಮಾಡಿದವು, ಸಾಲಾಗಿ ನಿಲ್ಲಿಸಿದರೆ ಸುರುಳಿಗೆ ಸುರುಳಿ ಸಿಕ್ಕಿಕೊಂಡು ಏನೂ ಓದಲಾಗುವುದಿಲ್ಲ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೂ ಕಷ್ಟ, ಕೂಡಿದ್ದ ಕೈ ಬಿಟ್ಟುಹೋಗುತ್ತದೆ.

ಗೋಲ್ಡ್ ಫಾಯಿಲ್, ಅಂದರೆ ಚಿನ್ನದ ಬಣ್ಣದ ತೆಳು ಹಾಳೆಯ ಅಚ್ಚು, ಹಾಕುವವರು ಇನ್ನೊಂದು ನೆನಪಿಡಬೇಕು. ಸ್ಕ್ರೀನಿನಲ್ಲಿ ಚೆಂದ ಕಂಡ ತೆಳು ಗೆರೆ ಫಾಯಿಲ್‌ನಲ್ಲಿ ಬರುವುದೇ ಇಲ್ಲ, ಅಲ್ಲಲ್ಲಿ ಹರಿದುಹೋಗುತ್ತದೆ. ಚಿಕ್ಕ ತೂತುಗಳು ಮಾತ್ರ ತುಂಬಿಕೊಳ್ಳುತ್ತವೆ. ಸೊನ್ನೆ ಚುಕ್ಕಿಯಾಗುತ್ತದೆ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ನಾನು ಕಾಲು ಮಿಲಿಮೀಟರಿಗಿಂತ ತೆಳು ಗೆರೆ ಬಿಡುವುದಿಲ್ಲ, ಒರಟು ಕಾಗದವಾದರೆ ಇನ್ನೂ ದಪ್ಪ. ಮೆರೂನ್ ಕಾಗದದ ಮೇಲೆ ಫಾಯಿಲ್ ಅಂದರೆ ಮೊದಲು ಒಂದು ಕಾರ್ಡು ಹೊಡೆಸಿ, ಟ್ಯೂಬ್‌ಲೈಟ್ ಕೆಳಗೆ ಅಲ್ಲ, ಬಾಗಿಲ ಬೆಳಕಿಗೆ ಹಿಡಿದು ನೋಡಬೇಕು.

ಮದುವೆಯ ಸ್ಟೇಜಿಗೆ ಹೆಸರು ಕತ್ತರಿಸಿಕೊಡಿ ಅಂತ ಈಗ ಎಲ್ಲರೂ ಕೇಳುತ್ತಾರೆ. ಅಕ್ರಿಲಿಕ್ ಹಾಳೆಯಲ್ಲಿ ಲೇಸರ್ ಕಟಿಂಗ್. ಇಂಗ್ಲಿಷಿನ ಕೂಡಕ್ಷರ ಇದಕ್ಕೆ ವರ, ಇಡೀ ಹೆಸರು ಒಂದೇ ತುಂಡಾಗಿ ಕೈಗೆ ಬರುತ್ತದೆ, ಎರಡು ಕಡೆ ದಾರ ಕಟ್ಟಿ ನೇತುಹಾಕಬಹುದು. ಕನ್ನಡದ್ದು ತಟ್ಟೆ ತುಂಬಾ ಚೂರು. ಅಕ್ಷರ ಬೇರೆ, ಒತ್ತು ಬೇರೆ, ಅರ್ಕಾವತ್ತು ಬೇರೆ. ಒಂದು ಮದುವೆಯಲ್ಲಿ ಅಲಂಕಾರದವರು ಒತ್ತು ಅಂಟಿಸುವುದನ್ನೇ ಮರೆತಿದ್ದರು, ಮದುಮಗನ ಹೆಸರೇ ಬದಲಾಗಿತ್ತು. ನಾನು ಈಗ ಹೆಸರಿನ ಆಕಾರದಲ್ಲೇ ಹಿಂದೆ ಒಂದು ಪಾರದರ್ಶಕ ಹಾಳೆ ಕತ್ತರಿಸಿ, ಚೂರುಗಳನ್ನೆಲ್ಲ ಅದರ ಮೇಲೆ ಅಂಟಿಸಿಯೇ ಕೊಡುತ್ತೇನೆ. ಐಶ್ವರ್ಯಗೆ ಅದೂ ಬೇಕಾಗಲಿಲ್ಲ. ಅರ್ಕಾವತ್ತಿನ ಬಾಲ ಕೆಳಗೆ ಹಾಯ್ದಿತ್ತಲ್ಲ, ಸ್ಟೇಜಿನ ಅಳತೆಗೆ ಅದನ್ನೇ ಸ್ವಲ್ಪ ದಪ್ಪ ಮಾಡಿ, ಸಣ್ಣ ಸಣ್ಣ ಸೇತುವೆ ಕೊಟ್ಟು ಎಲ್ಲ ಅಕ್ಷರವನ್ನೂ ಅದರ ಮೇಲೆ ನಿಲ್ಲಿಸಿದೆ.

ಬೋರ್ಡುಗಳ ಮಾತಿಗೆ ಬಂದರೆ, ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಸಕಲೇಶಪುರದ ಕಡೆ ಹೋಗುತ್ತಾ ಹೋಮ್‌ಸ್ಟೇ ಬೋರ್ಡು ನೋಡಿ. ಕಾಫಿ ಗಿಡದ ಚಿತ್ರ, ಪಕ್ಕದಲ್ಲಿ ಬಳ್ಳಿಯಂಥ ಇಂಗ್ಲಿಷ್ ಅಕ್ಷರ. ಕಾರಿನಲ್ಲಿ ಹೋಗುವವರಿಗೆ ಸಿಗುವುದು ಒಂದೆರಡು ಸೆಕೆಂಡ್. ಅಷ್ಟರಲ್ಲಿ ಆ ಹೆಸರು ಓದಿ ತಿರುವು ಹಿಡಿಯುವುದಕ್ಕೆ ಯಾರಿಗೂ ಆಗುವುದಿಲ್ಲ. ಅದೇ ಅಕ್ಷರ ಮನೆಯ ಬಾಗಿಲ ಪಕ್ಕ ಮರದ ಹಲಗೆಯ ಮೇಲೆ ಇದ್ದರೆ, ಕಾಫಿಪುಡಿ ಪೊಟ್ಟಣದ ಮೇಲೆ ಇದ್ದರೆ, ಎಷ್ಟು ಚೆಂದ. ಅಲ್ಲಿ ಓದುವವರು ನಿಂತಿರುತ್ತಾರೆ, ಕೈಯಲ್ಲಿ ಹಿಡಿದಿರುತ್ತಾರೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಊರೆಲ್ಲ ಫ್ಲೆಕ್ಸ್ ತುಂಬಿರುತ್ತದೆ. ಆ ಜನಸಂದಣಿಯಲ್ಲಿ ದಾರಿ ಹೇಳುವ ಬೋರ್ಡಿಗೆ ದಪ್ಪ ಸಾದಾ ಅಕ್ಷರವೇ ಆಗಬೇಕು. ಸ್ವಾಗತ ಅನ್ನುವ ಒಂದು ಪದ ಬೇಕಾದರೆ ಕೈಬರಹದಲ್ಲಿರಲಿ, ಅದನ್ನು ಓದದಿದ್ದರೂ ಯಾರೂ ದಾರಿ ತಪ್ಪುವುದಿಲ್ಲ.

ಪತ್ರಿಕೆ ತೆಗೆದುಕೊಂಡು ಹೋಗಲು ಹುಡುಗಿಯೇ ಬಂದಿದ್ದಳು, ಅಜ್ಜಿಯ ಜೊತೆ. ಅಜ್ಜಿ ಕನ್ನಡಕ ಹಾಕಿಕೊಳ್ಳದೆಯೇ ಒಂದು ಕಾರ್ಡು ಕೈಗೆ ತೆಗೆದುಕೊಂಡು, ಬೆರಳನ್ನು ಫಾಯಿಲ್ ಮೇಲೆ ಆಡಿಸುತ್ತಾ ಬಾಲದ ಉದ್ದಕ್ಕೂ ಹೋಗಿ 'ವ' ಒತ್ತಿನ ಹತ್ತಿರ ನಿಲ್ಲಿಸಿದರು. "ಇದ್ಯಾರು ಬರ್ದಿದ್ದು? ಶಾಲೆ ಮೇಷ್ಟ್ರಾ?" ಅಂದರು. ನಾನೇ ಅಜ್ಜಿ ಅಂದೆ. ಹುಡುಗಿ ತನ್ನ ಮೊಬೈಲಿನಲ್ಲಿ ಹೆಸರಿನ ಫೋಟೋ ತೆಗೆದುಕೊಂಡು, "ಅಕ್ಕಾ, ಇದೇ ಅಕ್ಷರದಲ್ಲಿ ಅಜ್ಜಿ ಹೆಸರೂ ಬರ್ಕೊಡ್ತೀರಾ, ಮನೆ ಮುಂದೆ ಹಾಕೋಕೆ?" ಅಂತ ಕೇಳಿದಳು. ಅಜ್ಜಿಯ ಹೆಸರು ಲಕ್ಷ್ಮಮ್ಮ.

ಅಲ್ಲಿಗೆ 'ಕ್ಷ್ಮ' ಬಂತು, 'ಮ್ಮ' ಬಂತು. ಒಂದರ ಕೆಳಗೆ ಎರಡು ಒತ್ತು ಕೂರಬೇಕು, ಪಕ್ಕದಲ್ಲೇ ಇನ್ನೊಂದು 'ಮ' ಒತ್ತು. ಎರಡು 'ಮ' ಒತ್ತುಗಳು ಒಂದೇ ಥರ ಇರಬಾರದು ಅಂತ ನನ್ನ ಹಟ. ಇವತ್ತು ಸಂಜೆ ಅಂಗಡಿ ಮುಚ್ಚಿದ ಮೇಲೆ ಬಟರ್ ಪೇಪರ್ ಹಿಡಿದು ಕೂರುತ್ತೇನೆ. ಬಿಡುವಾದಾಗಲೆಲ್ಲ ಒಂದೊಂದು ಒತ್ತು ಬರೆದಿಡುತ್ತಾ ಇದ್ದೇನೆ. 34ರಲ್ಲಿ 11 ಆಗಿದೆ.